ಫೈಲಿನಲ್ಲಿ ಬರೆದಿದ್ದ ಸಾಲು

ಮಾಗಡಿ ಬಳಿಯ ಕಲ್ಯದ ಆಚೆಯ ಒಂದು ಹಳ್ಳಿಯಲ್ಲಿ ಡೈರಿ ಸೆಕ್ರೆಟರಿ ಮಹೇಂದ್ರನನ್ನು ಎದುರಿಗೆ ‘ಸೆಕ್ರೆಟರಿ’ ಎಂದೂ ಬೆನ್ನ ಹಿಂದೆ ‘ಡಿಗ್ರಿ’ ಎಂದೂ ಕರೆಯುತ್ತಿದ್ದರು. ಓದಿನ ಡಿಗ್ರಿಯಲ್ಲ, ಹಾಲಿನ ಡಿಗ್ರಿ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಸಂಜೆ ಊರವರ ಹಾಲನ್ನು ಟೆಸ್ಟ್ ಮಾಡುತ್ತಿದ್ದವನು ಅವನೇ. ನೀರು ಬೆರೆತು ಡಿಗ್ರಿ ಕಡಿಮೆ ಬಂದರೆ ಕ್ಯಾನನ್ನು ಹಿಂದಕ್ಕೆ ತಳ್ಳುತ್ತಿದ್ದ. ಸುಮ್ಮನೆ ತಳ್ಳಿದ್ದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಹಸಾ ಒಸಿ ನೀರ್ ಜಾಸ್ತಿ ಕುಡೀತು ಕಣಣ್ಣ” ಎಂದು ಯಾರಾದರೂ ಗೊಣಗಿದರೆ, “ಹಸಾ ಕುಡೀತಾ, ಕ್ಯಾನ್ ಕುಡೀತಾ?” ಎಂದು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಕೇಳುತ್ತಿದ್ದ. ಜನ ನಗುತ್ತಿದ್ದರು. ನಗೆಗೀಡಾದವರು ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದರು.

“ಟೆಸ್ಟು ಸುಳ್ಳೇಳಾಕಿಲ್ಲ ಕಣ್ಲಾ, ಮನುಸ್ರು ಹೇಳ್ತಾರೆ” ಎಂಬುದು ಅವನ ಖಾಯಂ ಮಾತು. ಹಾಲಿನ ಮಟ್ಟಿಗೆ ಅದು ನಿಜವೂ ಆಗಿತ್ತು. ಹನ್ನೊಂದು ವರ್ಷ ಅದೇ ಕೆಲಸ ಮಾಡಿದ್ದರಿಂದ ಅವನ ತಲೆಯಲ್ಲಿ ಒಂದು ಲೆಕ್ಕಾಚಾರ ಗಟ್ಟಿಯಾಗಿ ಕೂತುಬಿಟ್ಟಿತ್ತು. ಟೆಸ್ಟು ಕೆಟ್ಟು ಬಂದಿದೆ ಎಂದರೆ ಹಿಂದೆ ಯಾರೋ ಏನೋ ಬೆರೆಸಿದ್ದಾರೆ. ಬೆರೆಸಿದವರನ್ನು ಹಿಡಿದರೆ ಟೆಸ್ಟು ಸರಿಹೋಗುತ್ತದೆ. ಇದೇ ಲೆಕ್ಕವನ್ನು ಅವನು ಸ್ವಂತ ಮಗಳ ಮೈಗೂ ಹಾಕಿದ.

ಮಗಳು ಚೈತನ್ಯಳಿಗೆ ಆರು ವರ್ಷ. ಹೋದ ಯುಗಾದಿ ಕಳೆದ ವಾರಕ್ಕೆ ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ರೆಪ್ಪೆಗಳು ಊದಿಕೊಂಡಿದ್ದವು. ಏನೋ ಹುಳ ಕಚ್ಚಿರಬೇಕೆಂದು ಅಜ್ಜಿ ದೊಡ್ಡಲಕ್ಷ್ಮಮ್ಮ ಅರಿಶಿನ ಹಚ್ಚಿದಳು. ನಾಲ್ಕೇ ದಿನಕ್ಕೆ ಕಾಲು ಊದಿತು, ಹೊಟ್ಟೆ ಉಬ್ಬಿತು, ಒತ್ತಿದ ಬೆರಳಿನ ಗುಳಿ ಹಾಗೇ ನಿಂತಿತು. ಮಾಗಡಿಯ ಡಾಕ್ಟರು ನೋಡಿದವರೇ ರಾಮನಗರಕ್ಕೆ ಕಳಿಸಿದರು. ಅಲ್ಲಿನ ಒಂದು ಮಕ್ಕಳ ಕ್ಲಿನಿಕ್ಕಿಗೆ ಪ್ರತಿ ಗುರುವಾರ ಬೆಂಗಳೂರಿನಿಂದ ಮಕ್ಕಳ ಕಿಡ್ನಿಯ ಡಾಕ್ಟರಮ್ಮ ಬರುತ್ತಿದ್ದರು.

ಆಕೆ ಬಿಡಿಸಿ ಹೇಳಿದರು. ಕಿಡ್ನಿ ಎನ್ನುವುದು ಒಂದು ಜರಡಿ. ರಕ್ತದಲ್ಲಿರುವ ಪ್ರೋಟೀನನ್ನು ಅದು ಹಿಡಿದಿಟ್ಟುಕೊಳ್ಳಬೇಕು. ಈ ಮಗುವಿನ ಜರಡಿ ಅದನ್ನು ಮೂತ್ರದಲ್ಲಿ ಬಿಟ್ಟುಬಿಡುತ್ತಿದೆ, ಅದಕ್ಕೇ ಈ ಊತ. ಸ್ಟೀರಾಯ್ಡ್ ಮಾತ್ರೆ ದಿನವೂ ತಪ್ಪದೆ ಆರು ವಾರ ಕೊಡಬೇಕು. ಹೆಚ್ಚಿನ ಮಕ್ಕಳಿಗೆ ಮೂರು ನಾಲ್ಕು ವಾರದಲ್ಲೇ ಸೋರುವುದು ನಿಲ್ಲುತ್ತದೆ. ಉಪ್ಪು ಕಡಿಮೆ ಮಾಡಿ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ಟ್ಯೂಬಿನಲ್ಲಿ ಹಿಡಿದು, ಮೇಲ್ಭಾಗವನ್ನು ಉರಿಗೆ ಕಾಯಿಸಿ, ಎರಡು ಹನಿ ವಿನೆಗರ್ ಹಾಕಿ. ತಿಳಿಯಾಗಿದ್ದರೆ ಒಳ್ಳೆಯದು, ಬೆಳ್ಳಗೆ ಗಟ್ಟಿಯಾದರೆ ಪ್ರೋಟೀನ್ ಇನ್ನೂ ಹೋಗುತ್ತಿದೆ ಎಂದರ್ಥ. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ; ಬಿಳಿ ಹೆಚ್ಚಿದಷ್ಟೂ ಒಂದರಿಂದ ನಾಲ್ಕರವರೆಗೆ ಪ್ಲಸ್ ಗುರುತು ಹಾಕಿ.

“ಅದ್ರ ಯೋಚ್ನೆ ಬುಡಿ ಮೇಡಂ. ನನ್ ಕೆಲ್ಸಾನೇ ಅದು” ಎಂದ ಮಹೇಂದ್ರ. ಅವತ್ತು ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಈಗ ನೆನೆದರೂ ಅವನಿಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮಾತ್ರೆ ಕೊಡುವ ಕೆಲಸ ಹೆಂಡತಿ ರಮ್ಯಾಳದು. ರಮ್ಯಾ ಹೊರಗಿನ ಹುಡುಗಿಯಲ್ಲ. ಸೋಲೂರಿಗೆ ಕೊಟ್ಟಿದ್ದ ಅಕ್ಕ ಕೆಂಚಮ್ಮನ ಮಗಳು. ಸೋದರಮಾವನಿಗೆ ಸೊಸೆ ಇರುವಾಗ ಬೇರೆ ಕಡೆ ಹೆಣ್ಣು ಹುಡುಕುವುದುಂಟೆ ಎಂದು ದೊಡ್ಡಲಕ್ಷ್ಮಮ್ಮ ಹಟ ಹಿಡಿದು ಮಾಡಿಸಿದ ಮದುವೆ. ರಮ್ಯಾ ಹುಟ್ಟಿದಾಗಿನಿಂದ ಅವನನ್ನು ಮಾವ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಮಾವ ಎಂದೇ ಕರೆದಳು. ಮಾತ್ರೆ ವಿಷದಂಥ ಕಹಿ. ಚೈತನ್ಯ ಹಲ್ಲು ಕಚ್ಚಿ ಕೂರುತ್ತಿದ್ದಳು, ಉಗುಳುತ್ತಿದ್ದಳು. ರಮ್ಯಾ ಬಾಳೆಹಣ್ಣಿನಲ್ಲಿ ಹಿಸುಕಿ, ಮುದ್ದು ಮಾಡಿ, ಹೇಗೋ ನುಂಗಿಸುತ್ತಿದ್ದಳು.

ಮಹೇಂದ್ರ ಬೆಳಿಗ್ಗೆ ಟ್ಯೂಬು ಕಾಯಿಸುತ್ತಿದ್ದ. ಬೆಳ್ಳಗೆ ಒಡೆಯುತ್ತಿತ್ತು. ಎರಡನೇ ವಾರವೂ ಬಿಳಿ, ನಾಲ್ಕನೇ ವಾರವೂ ಬಿಳಿ. ಐದನೇ ವಾರ ಅವನ ಕಣ್ಣು ಟ್ಯೂಬಿನಿಂದ ಎದ್ದು ಹೆಂಡತಿಯ ಮೇಲೆ ಬಿತ್ತು. ಉಳಿದವರ ಮಕ್ಕಳಿಗೆಲ್ಲ ಹತ್ತುವ ಮಾತ್ರೆ ನನ್ನ ಮಗಳಿಗೆ ಮಾತ್ರ ಯಾಕೆ ಹತ್ತುವುದಿಲ್ಲ? ಕೊಟ್ಟಿದ್ದರೆ ತಾನೇ ಹತ್ತುವುದು! ಆರನೇ ವಾರದ ಒಂದು ದಿನ ಮಂಚದ ಹಿಂದೆ ಅರ್ಧ ಕರಗಿ ಒಣಗಿದ ಮಾತ್ರೆಯೊಂದು ಅವನಿಗೆ ಸಿಕ್ಕಿತು. ಕಳ್ಳನನ್ನು ಮಾಲಿನ ಸಮೇತ ಹಿಡಿದವನಂತೆ ಅದನ್ನು ಅಂಗೈಯಲ್ಲಿಟ್ಟು ರಮ್ಯಾಳ ಮುಂದೆ ಹಿಡಿದ.

“ಅವತ್ತು ಉಗುದ್ಬುಟ್ಲು ಮಾವ. ಆಗ್ಲೇ ಇನ್ನೊಂದ್ ಕೊಟ್ಟೆ. ಒಂದಿನಾನೂ ತಪ್ಸಿಲ್ಲ” ಎಂದಳು ರಮ್ಯಾ. ಖಾಲಿಯಾದ ಮಾತ್ರೆ ಶೀಟುಗಳನ್ನೆಲ್ಲ ತಂದು ಮುಂದಿಟ್ಟಳು.

“ಖಾಲಿ ಶೀಟು ಯಾರ್ ಬೇಕಾದ್ರೂ ಮಾಡ್ಬೋದು. ಮಾತ್ರೆ ಮಗೀನ್ ಹೊಟ್ಟೆಗೋಯ್ತೋ, ತಿಪ್ಪೆಗೋಯ್ತೋ, ಯಾರ್ ಕಂಡೋರು?”

“ಇಲ್ಲ ಅಪ್ಪಾ, ಅಮ್ಮ ಇನ್ನೊಂದ್ ಕೊಟ್ಲು. ದಿನಾ ಕೊಡ್ತಾಳೆ” ಎಂದಳು ಚೈತನ್ಯ.

“ನೀನ್ ಸುಮ್ನಿರು. ನಿಮ್ಮಮ್ಮ ಹೇಳ್ಕೊಟ್ಟಿದ್ದೆಲ್ಲ ಒದರ್ಬ್ಯಾಡ.”

ದೊಡ್ಡಲಕ್ಷ್ಮಮ್ಮ ಒಳಗಿನಿಂದ, “ರಮ್ಯಾ ನನ್ ಮೊಮ್ಮಗ್ಳು ಕಣ್ಲಾ, ನಮ್ಮನೆ ರಕ್ತ. ಸುಳ್ಳೇಳಾ ಜಾತಿಯಲ್ಲ” ಎಂದಳು. “ಅವ್ಳಲ್ಲಿರಾದು ಅಂಕಯ್ಯನ್ ರಕ್ತ” ಎಂದ ಮಹೇಂದ್ರ. ಅಂಕಯ್ಯ ರಮ್ಯಾಳ ತಂದೆ, ಯಾರ ತಂಟೆಗೂ ಹೋಗದ ಮನುಷ್ಯ. ಅವನನ್ನು ಎಳೆದು ತಂದದ್ದಕ್ಕೆ ರಮ್ಯಾ ಕಣ್ಣೀರು ಹಾಕಿದಳೇ ಹೊರತು ಎದುರಾಡಲಿಲ್ಲ. ಎದುರಾಡದೆ ಇದ್ದದ್ದನ್ನೂ ಇವನು ತಪ್ಪೊಪ್ಪಿಗೆ ಎಂದೇ ತಿಳಿದ.

ಅಷ್ಟಕ್ಕೇ ನಿಂತಿದ್ದರೆ ಮನೆಯ ಜಗಳವಾಗಿ ಮುಗಿಯುತ್ತಿತ್ತು. ಮಾರನೆಯ ಬೆಳಿಗ್ಗೆ ರಮ್ಯಾ ಮನೆಯ ಹಸುಗಳ ಹಾಲನ್ನು ಡೈರಿಗೆ ತಂದು ಸಾಲಿನಲ್ಲಿ ನಿಂತಳು. ಇಪ್ಪತ್ತು ಇಪ್ಪತ್ತೈದು ಜನರಿದ್ದರು. ಅವಳ ಸರದಿ ಬಂದಾಗ ಯಾರೋ, “ಸೆಕ್ರೆಟ್ರಿ, ಮಗೀಗೆ ಹೆಂಗೈತೆ ಈಗ?” ಎಂದು ವಿಚಾರಿಸಿದರು. ಮಹೇಂದ್ರನ ನಾಲಿಗೆ ಅಭ್ಯಾಸದ ಜಾಡಿಗೆ ಬಿತ್ತು.

“ಹೆಂಗಿರ್ತದೆ? ಊರೋರು ಹಾಲಿಗೆ ನೀರು ಬೆರಸ್ತಾರೆ, ಹಿಡೀತೀನಿ. ಇವ್ಳು ಮಗೀಗೆ ಮಾತ್ರೆ ಕೊಡ್ದೆ ಕೊಟ್ಟೆ ಅಂತಾಳೆ. ಕಳ್ಳೀನ ಮನೇಲೇ ಮಡೀಕಂಡಿದೀನಿ!”

ಒಬ್ಬಿಬ್ಬರು ನಗಲು ಬಾಯಿ ತೆರೆದವರು ರಮ್ಯಾಳ ಮುಖ ನೋಡಿ ಮುಚ್ಚಿಕೊಂಡರು. ರಮ್ಯಾ ಕ್ಯಾನನ್ನು ಅಲ್ಲೇ ಇಟ್ಟು ಮನೆಗೆ ಹೋದಳು. ಬಟ್ಟೆ ತುಂಬಿಕೊಂಡಳು. ಮಗಳನ್ನು ಎತ್ತಿಕೊಳ್ಳಲು ಹೋದಾಗ ಅವನು ಅಡ್ಡ ನಿಂತ. “ಮಗೀನ ಬುಡು. ಆರೇ ವಾರ. ನನ್ ಕೈಯಾರೆ ಕೊಟ್ಟು ವಾಸಿ ಮಾಡಿ ತೋರಿಸ್ತೀನಿ” ಎಂದ. ಅವಳು ಒಬ್ಬಳೇ ಸೋಲೂರಿನ ಬಸ್ಸು ಹತ್ತಿದಳು.

ಆ ಗುರುವಾರ ಅವನು ಚೈತನ್ಯಳನ್ನು ರಾಮನಗರಕ್ಕೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟ. “ಡಾಕ್ಟ್ರು ಕೇಳಿದ್ರೆ ಅಮ್ಮ ಮಾತ್ರೆ ಸರ್ಯಾಗಿ ಕೊಡ್ತಿರ್ಲಿಲ್ಲ ಅನ್ಬೇಕು, ಆಯ್ತಾ?” ಮಗು, “ಕೊಡ್ತಿದ್ಲಲ್ಲಪ್ಪಾ” ಎಂದಿತು. “ಸುಳ್ಳೇಳಿದ್ರೆ ದೊಡ್ ಸೂಜಿ ಚುಚ್ತಾರೆ” ಎಂದು ಹೆದರಿಸಿದ. ನಿಜ ಹೇಳಿದ ಮಗುವಿಗೆ ಸುಳ್ಳು ಹೇಳಬೇಡ ಎಂದು ಗದರಿದ ಮಹಾನುಭಾವ ಇವನು. ರಾಮನಗರ ಬರುವ ಹೊತ್ತಿಗೆ ಮಗು ಪಾಠ ಒಪ್ಪಿಸಲು ಕಲಿತಿತ್ತು.

ಡಾಕ್ಟರಮ್ಮ ನೋಟ್‌ಬುಕ್ ನೋಡಿ ಹುಬ್ಬು ಗಂಟಿಕ್ಕಿದರು. “ಒಂದು ದಿನವೂ ತಪ್ಪದೆ ಕೊಟ್ಟಿದ್ದೀರಾ? ಯೋಚನೆ ಮಾಡಿ ಹೇಳಿ. ಆರು ವಾರ ಪೂರ್ತಿ ಕೊಟ್ಟೂ ಸೋರುವುದು ನಿಲ್ಲದಿದ್ದರೆ ಈ ಔಷಧಿ ಮಗುವಿಗೆ ಹಿಡಿಯುತ್ತಿಲ್ಲ ಎಂದು ಅರ್ಥ. ಆಗ ನಾನು ಬೇರೆ ದಾರಿ ಹುಡುಕಬೇಕು, ಜೀನ್ ಟೆಸ್ಟ್ ಮಾಡಿಸಬೇಕು.”

“ಎಲ್ಲಿ ಪೂರ್ತಿ ಮೇಡಂ! ಅವರಮ್ಮ ಅರ್ಧಕ್ಕರ್ಧ ತಪ್ಸವ್ಳೆ.”

“ಹೌದಾ ಪುಟ್ಟಿ? ಅಮ್ಮ ಮಾತ್ರೆ ಕೊಡುತ್ತಿರಲಿಲ್ವಾ?”

ಚೈತನ್ಯ ಅಪ್ಪನ ಮುಖ ನೋಡಿದಳು. “ಅಮ್ಮ ಕೊಡ್ತಿರ್ಲಿಲ್ಲ” ಎಂದಳು. ಅವನು ಅವಳ ತಲೆ ಸವರಿದ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಫೈಲಿನಲ್ಲಿ ಒಂದು ಸಾಲು ಬರೆದರು. ಹಾಗಾದರೆ ಕಳೆದ ಆರು ವಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಮೊದಲಿನಿಂದ ಪೂರ್ತಿ ಡೋಸ್ ಕೊಟ್ಟು ನೋಡೋಣ ಎಂದರು. ಊತ ಇಳಿಯಲು ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯನ್ನೂ ಬರೆದುಕೊಟ್ಟರು.

ಮಹೇಂದ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾತ್ರೆ ಕೊಟ್ಟ. ಮಗಳ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ನುಂಗಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಎದ್ದೇಳುತ್ತಿದ್ದ. ಒಂದು ವಾರ ಬಿಳಿ. ಎರಡು ವಾರ ಬಿಳಿ. ಮೂರನೆಯ ವಾರದ ಒಂದು ಬೆಳಿಗ್ಗೆ, ಟ್ಯೂಬು ಹಿಡಿದು ನಿಂತವನಿಗೆ ವಿಷಯ ಗೊತ್ತಾಯಿತು. ಬೆರೆಸಿದವರು ಯಾರೂ ಇಲ್ಲ. ಅವಳು ಕೊಟ್ಟಿದ್ದಳು. ದಿನವೂ ಕೊಟ್ಟಿದ್ದಳು. ಮಾತ್ರೆಯೇ ಈ ಮಗುವಿಗೆ ಹಿಡಿಯುವುದಿಲ್ಲ.

ಗೊತ್ತಾದ ಆ ಗಳಿಗೆಯಲ್ಲೇ ಅವನು ಡಾಕ್ಟರಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಹೆಂಡತಿ ನಿರಪರಾಧಿ ಎಂದಾಗುತ್ತದೆ. ಇಪ್ಪತ್ತೈದು ಜನರ ಮುಂದೆ ಅವಳನ್ನು ಕಳ್ಳಿ ಎಂದ ನಾಲಿಗೆಯನ್ನು ಎಲ್ಲಿ ಇಟ್ಟುಕೊಳ್ಳುವುದು? ಇನ್ನೊಂದು ವಾರ ನೋಡೋಣ ಅಂದುಕೊಂಡ. ಆ ವಾರವೂ ಬಿಳಿಯೇ. ಅವತ್ತು ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ಲಸ್ ಹಾಕಬೇಕಾದ ಕಡೆ ಎರಡು ಹಾಕಿದ. ಹನ್ನೊಂದು ವರ್ಷದಲ್ಲಿ ಯಾರ ಹಾಲಿನ ಡಿಗ್ರಿಯನ್ನೂ ಸುಳ್ಳು ಬರೆದವನಲ್ಲ ಅವನು. ಬರೆದ ಮೇಲೆ ಬುಕ್ಕನ್ನು ಮಗುಚಿಟ್ಟ. ಮಾರನೆಯ ದಿನ ಎರಡು ಹಾಕಿ ಬುಕ್ಕನ್ನು ತೆರೆದೇ ಇಟ್ಟ. ಆಮೇಲೆ ಒಂದೇ ಪ್ಲಸ್. ಹಾಳೆಯ ಫೋಟೋ ತೆಗೆದು ಕ್ಲಿನಿಕ್ಕಿಗೆ ಕಳಿಸಿದ. “ಕಡಿಮೆಯಾಗುತ್ತಿದೆ, ಮಾತ್ರೆ ಮುಂದುವರಿಸಿ” ಎಂದು ಉತ್ತರ ಬಂತು. ಮುಂದುವರಿಸಿದ.

ಚೈತನ್ಯಳ ಮುಖ ಬೆಲ್ಲದಚ್ಚಿನಂತೆ ಗುಂಡಗಾಯಿತು. ಕೆನ್ನೆಯ ಮೇಲೆ ನವಿರಾದ ಕೂದಲು ಬಂತು. ಎಷ್ಟು ತಿಂದರೂ ಹಸಿವು ಹಸಿವು ಎಂದು ಅಜ್ಜಿಯ ಸೆರಗು ಹಿಡಿದು ಅಳುತ್ತಿದ್ದಳು. ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದವಳು, ಮಕ್ಕಳು ಆಡಿಕೊಳ್ಳುತ್ತಾರೆಂದು ಸ್ಕೂಲಿಗೆ ಹೋಗುವುದಿಲ್ಲ ಎಂದು ಕೂತಳು. ದೊಡ್ಡಲಕ್ಷ್ಮಮ್ಮ, “ಲೇ, ಈ ಮಾತ್ರೆ ಮಗೀನ ತಿಂದಾಕ್ತಾ ಐತೆ, ನಿಲ್ಸ್ಲಾ” ಎಂದರೆ, “ನಿಂಗೇನ್ ಗೊತ್ತು ಸುಮ್ನಿರವ್ವ” ಎಂದು ರೇಗುತ್ತಿದ್ದ. ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಎಂಟನೆಯ ವಾರ ಮಗುವಿಗೆ ಜ್ವರ ಬಂದು, ಹೊಟ್ಟೆ ಮುಟ್ಟಿದರೆ ಕಿರುಚುವಂತಾಯಿತು. ರಾಮನಗರಕ್ಕೆ ಓಡಿದ. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು. ಹತ್ತು ದಿನ ಆಸ್ಪತ್ರೆಯಲ್ಲಿಟ್ಟು ಇಂಜೆಕ್ಷನ್ ಕೊಟ್ಟು ಉಳಿಸಿದರು. ಲ್ಯಾಬಿನ ರಿಪೋರ್ಟಿನಲ್ಲಿ ನಾಲ್ಕು ಪ್ಲಸ್ ಇತ್ತು. ಡಾಕ್ಟರಮ್ಮ ಅದನ್ನೂ ಅವನ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ಅವನ ಮುಖ ನೋಡಿದರು. “ಸ್ಟೌ ಉರಿ ಸರ್ಯಾಗಿರ್ಲಿಲ್ಲ ಅನ್ಸುತ್ತೆ ಮೇಡಂ” ಎಂದ.

ಡಾಕ್ಟರಮ್ಮ ಬರೆದುಕೊಟ್ಟ ಜೀನ್ ಟೆಸ್ಟಿಗೆ ಮಗುವಿನದಷ್ಟೇ ಅಲ್ಲ, ತಂದೆ ತಾಯಿ ಇಬ್ಬರದೂ ರಕ್ತ ಬೇಕಿತ್ತು. ರಮ್ಯಾಳಿಗೆ ಫೋನು ಮಾಡುವ ಮುಖವಿಲ್ಲದೆ ಅಕ್ಕ ಕೆಂಚಮ್ಮನಿಗೆ ಮಾಡಿದ. ಮಗು ಆಸ್ಪತ್ರೆಯಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ರಮ್ಯಾ ಉಟ್ಟ ಬಟ್ಟೆಯಲ್ಲೇ ಓಡಿಬಂದಳು. ವಾರ್ಡಿನ ಬಾಗಿಲಲ್ಲಿ ಅಮ್ಮನನ್ನು ಕಂಡ ಚೈತನ್ಯ ತಟ್ಟನೆ ಕೈ ಚಾಚಲಿಲ್ಲ. ಮೊದಲು ಅಪ್ಪನ ಕಡೆ ನೋಡಿದಳು. ಹೋಗಬಹುದೇ ಎಂದು ಕೇಳುವ ನೋಟ ಅದು. ಅವನು ಹೂಂ ಎಂದ ಮೇಲೆ ಅಮ್ಮನ ಕೊರಳಿಗೆ ಬಿದ್ದಳು. ನೆಲ ಬಾಯಿ ಬಿಡಬಾರದೇ ಎನಿಸಿತು ಮಹೇಂದ್ರನಿಗೆ.

ರಮ್ಯಾ ರಕ್ತ ಕೊಟ್ಟಳು, ಹತ್ತು ದಿನವೂ ಮಗುವಿನ ಪಕ್ಕದಲ್ಲೇ ಇದ್ದಳು. ಅವನೊಂದಿಗೆ ಒಂದೇ ಒಂದು ಮಾತು ಆಡಲಿಲ್ಲ. ಡಿಸ್ಚಾರ್ಜ್ ಆದ ದಿನ ಮಗಳನ್ನು ಎತ್ತಿಕೊಂಡು ಸೋಲೂರಿಗೆ ಹೋದಳು. ಅವನು ಅಡ್ಡ ನಿಲ್ಲಲಿಲ್ಲ. ತಪ್ಪಾಯ್ತು ಎನ್ನಬೇಕೆಂದು ಬಸ್‌ಸ್ಟ್ಯಾಂಡಿನವರೆಗೂ ಬ್ಯಾಗು ಹೊತ್ತುಕೊಂಡು ಬಂದ. ಬ್ಯಾಗನ್ನು ಸೀಟಿನ ಕೆಳಗಿಟ್ಟು ಇಳಿದುಬಂದ.

ಐದು ವಾರಕ್ಕೆ ರಿಪೋರ್ಟು ಬಂತು. ಗುರುವಾರ ಮೂವರೂ ಡಾಕ್ಟರಮ್ಮನ ಮುಂದೆ ಕೂತರು, ಚೈತನ್ಯ ಅಮ್ಮನ ತೊಡೆಯ ಮೇಲೆ.

“ನಿಮ್ಮದು ಸಂಬಂಧದಲ್ಲಿ ಮದುವೆಯಾ?”

“ಅಕ್ಕನ್ ಮಗ್ಳು ಮೇಡಂ.”

ಡಾಕ್ಟರಮ್ಮ ತಲೆಯಾಡಿಸಿ ನಿಧಾನವಾಗಿ ಹೇಳಿದರು. ಕಿಡ್ನಿಯ ಜರಡಿ ಕಟ್ಟುವ ಒಂದು ಜೀನು ಎಲ್ಲರಲ್ಲೂ ಎರಡೆರಡು ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟಿದೆ, ಇನ್ನೊಂದು ಚೆನ್ನಾಗಿರುವುದರಿಂದ ನಿಮಗೆ ಏನೂ ಆಗಿಲ್ಲ. ಮಗುವಿಗೆ ಇಬ್ಬರಿಂದಲೂ ಕೆಟ್ಟದ್ದೇ ಬಂದಿದೆ. ಇಬ್ಬರಲ್ಲೂ ಅದೇ ದೋಷ ಇರುವುದರಿಂದ ಒಂದೇ ಮನೆಯಿಂದ ಇಳಿದು ಬಂದಿರಬೇಕು. ಜರಡಿಯ ಕಟ್ಟಡವೇ ಹೀಗಿರುವಾಗ ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ. ಅದನ್ನು ಇಳಿಸುತ್ತಾ ಬಂದು ನಿಲ್ಲಿಸೋಣ. ಸೋರುವುದನ್ನು ಒಂದಿಷ್ಟು ತಗ್ಗಿಸುವ ಬೇರೆ ಮಾತ್ರೆ ಇದೆ. ಎಷ್ಟೋ ವರ್ಷದ ಮೇಲೆ ಕಿಡ್ನಿ ಬದಲಿಸಬೇಕಾಗಿ ಬರಬಹುದು. ಈ ಜಾತಿಯ ಕಾಯಿಲೆ ಹೊಸ ಕಿಡ್ನಿಗೆ ಮತ್ತೆ ಬರುವುದು ತೀರಾ ಅಪರೂಪ, ಅದೊಂದು ಸಮಾಧಾನ.

ಆಮೇಲೆ ಫೈಲು ತಿರುವಿ, ಹಳೆಯ ಹಾಳೆಯೊಂದರ ಮೇಲೆ ಕಣ್ಣಾಡಿಸಿ, ರಮ್ಯಾಳ ಕಡೆ ಕನಿಕರದಿಂದ ನೋಡಿದರು. “ನೋಡಮ್ಮ, ಮೊದಲ ಸಲ ನೀವು ಮಾತ್ರೆ ಸರಿಯಾಗಿ ಕೊಟ್ಟಿರಲಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಕೊಟ್ಟಿದ್ದರೂ ಇದು ವಾಸಿಯಾಗುತ್ತಿರಲಿಲ್ಲ.”

ರಮ್ಯಾ ಬೆಚ್ಚಿ ತಲೆಯೆತ್ತಿದಳು. ಊರಿನಲ್ಲಿ ಆಡಿದ ಮಾತು ಆಸ್ಪತ್ರೆಯ ಕಾಗದದವರೆಗೂ ಬಂದಿದೆ ಎಂದು ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

“ನಾನ್ ಕೊಟ್ಟಿದ್ದೆ ಮೇಡಂ” ಎಂದಳು. “ಒಂದಿನಾನೂ ತಪ್ಸಿಲ್ಲ.”

ಅಮ್ಮನ ತೊಡೆಯ ಮೇಲಿದ್ದ ಚೈತನ್ಯ ಆ ಗುಂಡು ಮುಖವನ್ನು ಪಕ್ಕಕ್ಕೆ ತಿರುಗಿಸಿ ಅಪ್ಪನನ್ನು ನೋಡಿದಳು. “ಅಮ್ಮ ಕೊಡ್ತಿರ್ಲಿಲ್ಲ” ಎಂದು ಗಟ್ಟಿಯಾಗಿ ಹೇಳಿದಳು. ಹೇಳಿ, ಸರಿಯಾಗಿ ಒಪ್ಪಿಸಿದೆ ತಾನೇ ಎನ್ನುವಂತೆ ಅಪ್ಪನ ಶಹಬ್ಬಾಸಿಗಾಗಿ ಕಾದಳು.

ರಮ್ಯಾ ಮಗಳನ್ನು ಬೈಯಲಿಲ್ಲ. ಅವಳ ಕೈ ಮಾತ್ರ ಮಗುವಿನ ಬೆನ್ನಿನ ಮೇಲಿಂದ ಜಾರಿತು.

ಮಹೇಂದ್ರನಿಗೆ ತಾನು ಕೂತ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ನಿಂತ. “ಮೇಡಂ, ಆ ಸಾಲು ಹೊಡ್ದಾಕಿ” ಎಂದ. “ಅವ್ಳು ಕೊಟ್ಟಿದ್ಲು. ನಾನ್ ಸುಳ್ಳೇಳ್ದೆ. ಮಗೀಗೂ ನಾನೇ ಹೇಳ್ಕೊಟ್ಟೆ. ಬುಕ್ಕಲ್ಲಿ ಕಮ್ಮಿ ಬರ್ದೋನೂ ನಾನೇ. ಮೂರ್ನೇ ವಾರಕ್ಕೇ ಗೊತ್ತಾಗಿತ್ತು ನಂಗೆ.”

ಡಾಕ್ಟರಮ್ಮ ಫೈಲಿನ ಹಾಳೆಗಳನ್ನು ಹಿಂದಕ್ಕೆ ತಿರುವಿದರು. “ಹಾಗಾದರೆ ಎರಡನೇ ಸಲದ ಎಂಟು ವಾರ ಸ್ಟೀರಾಯ್ಡ್ ಬೇಕೇ ಇರಲಿಲ್ಲ” ಎಂದರು. “ಆ ಸೋಂಕು ಬರುವುದಕ್ಕೂ ಅದು ದಾರಿ ಮಾಡಿರಬಹುದು. ನನಗೆ ಅವತ್ತೇ ನಿಜ ಹೇಳಿದ್ದರೆ ಜೀನ್ ಟೆಸ್ಟ್ ಅವತ್ತೇ ಮಾಡಿಸುತ್ತಿದ್ದೆ.” ಬೈಯಲಿಲ್ಲ ಆಕೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ ಬರೆದು ಸಹಿ ಮಾಡಿದರು.

“ನನ್ ಕಿಡ್ನಿ ತಗಳಿ ಮೇಡಂ. ಈಗ್ಲೇ ಬೇಕಾದ್ರೂ ಕೊಡ್ತೀನಿ” ಎಂದ ಮಹೇಂದ್ರ.

“ಈಗ ಅದರ ಅಗತ್ಯ ಇಲ್ಲ. ಬೇಕಾದಾಗ ಪರೀಕ್ಷೆ ಮಾಡಿ ನೋಡೋಣ” ಎಂದರು ಅವರು.

ರಮ್ಯಾ ಮೂರು ತಿಂಗಳ ಮೇಲೆ ಮೊದಲ ಸಲ ಅವನ ಜೊತೆ ಮಾತಾಡಿದಳು. “ಕಿಡ್ನಿ ಯಾರ್ ಕೇಳುದ್ರು ಮಾವ ನಿನ್ನ? ನಾನು ಕೊಟ್ಟಿದೀನಿ ಅಂದಾಗ ಹೂಂ ಅಂದಿದ್ರೆ ಸಾಕಾಗಿತ್ತು.”

ಮಹೇಂದ್ರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ. ಮಗಳ ಮುಂದೆ ಮಂಡಿಯೂರಿ ಕೂತ. “ಚೈತೂ, ಅಮ್ಮ ದಿನಾ ಮಾತ್ರೆ ಕೊಟ್ಟವ್ಳೆ ಕಣವ್ವ. ಅಪ್ಪಾನೇ ಸುಳ್ಳೇಳಿದ್ದು” ಎಂದ.

ಚೈತನ್ಯ ಅವನನ್ನೇ ನೋಡುತ್ತಾ ಯೋಚನೆ ಮಾಡಿದಳು. ಅವಳ ಹಣೆಯಲ್ಲಿ ಗೆರೆ ಮೂಡಿತು.

“ನಾನ್ ಅವತ್ತೇ ಹೇಳುದ್ನಲ್ಲ” ಎಂದಳು. “ನೀನೇ ಸುಮ್ನಿರು ಅಂದೆ.”

“ಹೂಂ ಕಣವ್ವ” ಎಂದ ಮಹೇಂದ್ರ. ರಮ್ಯಾ ಮಗಳನ್ನು ಎತ್ತಿಕೊಂಡು ಫೈಲು ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದಳು. ಅವನು ಎದ್ದು ಅವರ ಹಿಂದೆ ಹೋದ, ಜೊತೆಯಲ್ಲಿ ನಡೆಯುವ ಧೈರ್ಯ ಬರಲಿಲ್ಲ.